ಕೆಟ್ರೆ ಪಾರ್ಟು ಸಿಗುತ್ತಾ?

ಮೀಟಿಂಗ್ ಮುಗಿದು ಎಲ್ಲರೂ ಬೈ ಹೇಳುವ ಹೊತ್ತಿಗೆ ಬಾಯಿ ತಪ್ಪಿ ಕೇಳಿಬಿಟ್ಟೆ, ‘ಮನೆಗೊಂದು ಪಿಸಿ ಅಸೆಂಬಲ್ ಮಾಡಿಸ್ಬೇಕು, ಇಂಟೆಲ್ ತಗೊಳ್ಳೋದಾ, ಎಎಮ್‌ಡಿ ತಗೊಳ್ಳೋದಾ?’ ಅಂತ. ಅಷ್ಟೇ ನೋಡಿ. ಒಂದು ಗಂಟೆಯಿಂದ ಕ್ಯಾಮೆರಾ ಆಫ್ ಮಾಡಿಕೊಂಡು ಮ್ಯೂಟ್‌ನಲ್ಲಿ ಕೂತಿದ್ದ ಏಳು ಜನ ಒಟ್ಟಿಗೇ ಮಾತಾಡಲು ಶುರು ಮಾಡಿದರು. ಕ್ಲೈಂಟ್ ಎಷ್ಟು ಕೇಳಿದರೂ ಬಾಯಿ ಬಿಡದಿದ್ದ ಹುಡುಗನೊಬ್ಬ ಸ್ಕ್ರೀನ್ ಶೇರ್ ಮಾಡಿ ಬೆಂಚ್‌ಮಾರ್ಕ್ ಪಟ್ಟಿ ತೋರಿಸಿದ. ಏಳರಲ್ಲಿ ಆರು ಜನ ರೈಜನ್ ಪಕ್ಷ. ‘2021ರಲ್ಲಿ ಯಾರಾದ್ರೂ ಇಂಟೆಲ್ ತಗೋತಾರಾ ಸಾರ್?’ ಎಂಬ ಮಾತು ಬಂತು. ಹದಿನಾಲ್ಕು ವರ್ಷದ ಹಿಂದೆ ಇದೇ ದಾಟಿಯ ಮಾತನ್ನು, ಹೆಸರು ಮಾತ್ರ ಬೇರೆ, ನಾನೇ ಹೇಳಿದ್ದೆ. ಆ ಮಾತಿಗೆ ನಮ್ಮಪ್ಪಯ್ಯ ನಾಲ್ಕು ಸಾವಿರ ಹೆಚ್ಚಿಗೆ ಕೊಟ್ಟಿದ್ದರು.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ. ನಾನು ಶಿವಮೊಗ್ಗದಲ್ಲಿ ಬಿಇ ಓದುತ್ತಿದ್ದೆ. 2007ರ ಆಗಸ್ಟ್‌ನಲ್ಲಿ, ಮೂರನೇ ಸೆಮಿಸ್ಟರ್ ಶುರುವಾಗುತ್ತಿದ್ದಾಗ, ‘ಕಂಪ್ಯೂಟರ್ ಸೈನ್ಸ್ ಓದುವವನಿಗೆ ಕಂಪ್ಯೂಟರೇ ಇಲ್ಲದಿದ್ರೆ ಹೆಂಗೆ’ ಎಂಬ ನನ್ನ ರಗಳೆ ತಡೆಯಲಾರದೆ ಅಪ್ಪಯ್ಯ ಅಡಿಕೆ ಮಂಡಿಯಲ್ಲಿ ಮುಂಗಡ ತೆಗೆದುಕೊಂಡು ಬಂದರು. ಇಪ್ಪತ್ತಾರು ಸಾವಿರ. ಮುಂಗಡ ಅಂದರೆ ಗೊತ್ತಲ್ಲ, ಮರದ ಮೇಲಿರುವ ಫಸಲಿನ ಮೇಲೆ ಸಾಲ. ಬಡ್ಡಿಯೂ ಉಂಟು, ಕೊಯ್ಲಾದ ಮೇಲೆ ಅಡಿಕೆಯನ್ನು ಅದೇ ಮಂಡಿಗೆ ಹಾಕಬೇಕೆಂಬ ಋಣವೂ ಉಂಟು.

ದುರ್ಗಿಗುಡಿಯ ಒಂದು ಅಂಗಡಿಗೆ ಹೋದೆವು. ಹೊರಗೆ ಜಡಿಮಳೆ. ಅಂಗಡಿಯವರು ಒಳ್ಳೆಯ ಮನುಷ್ಯ, ನಮ್ಮ ಬಜೆಟ್ ಕೇಳಿ ಒಂದು ಚೀಟಿ ಬರೆದರು: ಅಥ್ಲಾನ್ 64 ಎಕ್ಸ್2 ಪ್ರೊಸೆಸರ್, 1 ಜಿಬಿ ರ‍್ಯಾಮ್, 17 ಇಂಚಿನ ಮಾನಿಟರ್. ಎಲ್ಲ ಸೇರಿ ಇಪ್ಪತ್ತಾರರೊಳಗೆ. ನಾನು ಚೀಟಿ ನೋಡಿ ಮುಖ ಗಂಟು ಹಾಕಿಕೊಂಡೆ. ‘ಎಎಮ್‌ಡಿ ಬೇಡ. ಕೋರ್ 2 ಡ್ಯುಯೋ ಬೇಕು.’

‘ಇವ್ರ ಕೆಲ್ಸಕ್ಕೆ ಇದು ಧಾರಾಳ ಸಾಕು, ಅದಕ್ಕೆ ಯಾಕೆ ಸುಮ್ನೆ ದುಡ್ಡು’ ಎಂದರು ಅಂಗಡಿಯವರು, ನನಗಲ್ಲ, ಅಪ್ಪಯ್ಯನಿಗೆ.

ಅಪ್ಪಯ್ಯ ಎರಡು ಪೆಟ್ಟಿಗೆಯನ್ನೂ ಕೈಯಲ್ಲಿ ತೂಗಿ ನೋಡಿದರು. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಿಷನ್ನು ಕೊಂಡ ಅನುಭವದಲ್ಲಿ ಅವರ ಪ್ರಶ್ನೆ ಒಂದೇ: ‘ಕೆಟ್ರೆ ಪಾರ್ಟು ಇಲ್ಲೇ ಸಿಗುತ್ತಾ?’

‘ಪ್ರೊಸೆಸರ್ ಒಂದು ಕೆಡಲ್ಲ ಯಜಮಾನ್ರೇ, ಬೇರೆ ಎಲ್ಲ ಕೆಡುತ್ತೆ’ ಎಂದು ಅವರು ನಕ್ಕರು. ಈ ಹದಿನಾಲ್ಕು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ತಾಂತ್ರಿಕ ಹೇಳಿಕೆ ಅದು.

ನಾನು ಜಗ್ಗಲಿಲ್ಲ. ಕೋರ್ 2 ಡ್ಯುಯೋ ಹಾಕಿದರೆ ಬೋರ್ಡೂ ಬದಲಾಗಿ, ರ‍್ಯಾಮ್ ಅರ್ಧಕ್ಕಿಳಿಸಿ 512 ಎಂಬಿ ಮಾಡಿದರೂ, ಮೂವತ್ತು ಸಾವಿರ ಆಗುತ್ತಿತ್ತು. ಅಪ್ಪಯ್ಯ ಒಂದು ನಿಮಿಷ ಮಳೆ ನೋಡಿದರು. ‘ಅವ್ನು ಹೇಳಿದ್ದೇ ಕಟ್ಟಿ’ ಎಂದು ಕೊಡೆ ಬಿಚ್ಚಿ ಹೊರಗೆ ಹೋದರು. ಒಂದು ಗಂಟೆಯ ಮೇಲೆ ಪಂಚೆಯೆಲ್ಲ ಒದ್ದೆಯಾಗಿ ವಾಪಸು ಬಂದು ನಾಲ್ಕು ಸಾವಿರ ಎಣಿಸಿ ಕೊಟ್ಟರು. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಕ್ಯಾಬಿನೆಟ್‌ಗೆ ಸ್ಟಿಕ್ಕರ್ ಅಂಟಿಸುವುದನ್ನು ನೋಡುತ್ತಾ ನಿಂತಿದ್ದೆ.

ಕೋರ್ 2 ಡ್ಯುಯೋ ಕೆಟ್ಟ ಪ್ರೊಸೆಸರ್ ಅಲ್ಲವೇ ಅಲ್ಲ. ಪೆಂಟಿಯಂ 4 ಕಾಲದಲ್ಲಿ ಬಿಸಿಗೆ ಹೆಸರಾಗಿ, ಅಥ್ಲಾನ್ 64ರ ಎದುರು ಪೆಟ್ಟು ತಿಂದಿದ್ದ ಇಂಟೆಲ್ 2006ರಲ್ಲಿ ಅದನ್ನು ತಂದು ಮತ್ತೆ ಮುಂದೆ ಹೋಗಿತ್ತು. ಆದರೆ ನಾನು ಅದನ್ನೆಲ್ಲ ಓದಿ ಆರಿಸಿದ್ದಲ್ಲ. ಹಾಸ್ಟೆಲಿನಲ್ಲಿ ಪಕ್ಕದ ರೂಮಿನವನ ಹತ್ತಿರ ಅದಿತ್ತು. ಟಿವಿಯಲ್ಲಿ ಅದರ ಟಿಂಗ್ ಟಿಂಗ್ ಸಂಗೀತ ಬರುತ್ತಿತ್ತು. ಹಳ್ಳಿಯಿಂದ ಬಂದವನು ಕಡಿಮೆ ಬೆಲೆಯದ್ದು ತಂದ ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಇನ್ನು ಆ ಯಂತ್ರದಲ್ಲಿ ನಾನು ಮಾಡಿದ್ದೇನು? ಟರ್ಬೋ ಸಿಯ ನೀಲಿ ಪರದೆಯಲ್ಲಿ ಲಿಂಕ್ಡ್ ಲಿಸ್ಟು. ಟರ್ಬೋ ಸಿ 486 ಪ್ರೊಸೆಸರ್‌ನಲ್ಲೂ ಓಡುತ್ತದೆ. ಉಳಿದಂತೆ ಹಾಡು, ಸಿನಿಮಾ. 512 ಎಂಬಿ ರ‍್ಯಾಮಿಗೆ ನಾಲ್ಕು ಕಿಟಕಿ ತೆರೆದರೆ ಉಬ್ಬಸ ಬರುತ್ತಿತ್ತು, ಇಷ್ಟು ದುಡ್ಡು ಕೊಟ್ಟ ಪ್ರೊಸೆಸರ್ ಸುಮ್ಮನೆ ಕೈಕಟ್ಟಿ ಕಾಯುತ್ತಿತ್ತು. ಕಡೆಗೆ ಮೆಸ್ ಬಿಲ್ಲು ಎರಡು ತಿಂಗಳು ಬಾಕಿ ಇಟ್ಟು ಇನ್ನೊಂದು 512 ತಂದು ಹಾಕಿದೆ.

ನಾಲ್ಕು ಸಾವಿರದ ವಿಷಯ ಗೊತ್ತಾಗಿದ್ದು 2020ರಲ್ಲಿ. ಲಾಕ್‌ಡೌನ್ ಆಗಿ ನಾವೆಲ್ಲ ಊರಿಗೆ ಹೋಗಿದ್ದೆವು. ನೆಟ್‌ವರ್ಕ್ ಸಿಗುವುದು ತೋಟದ ಮೇಲಿನ ದಿಬ್ಬದಲ್ಲಿ ಮಾತ್ರ, ಅಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೋಡ್ ರಿವ್ಯೂ. ಒಂದು ದಿನ ಬ್ಯಾಂಕಿನ ಕಾಗದವೊಂದನ್ನು ಹುಡುಕುತ್ತಾ ಮರದ ಪೆಟ್ಟಿಗೆ ತೆಗೆದಾಗ ಹಳೆಯ ಮಂಡಿ ಲೆಕ್ಕದ ಪುಸ್ತಕ ಸಿಕ್ಕಿತು. ‘ಮಗನ ಕಂಪ್ಯೂಟರ್ ಬಾಬ್ತು 26,000.’ ಅದೇ ತಾರೀಖು, ಕೆಳಗಿನ ಸಾಲು, ಬೇರೆ ಶಾಯಿ: ‘ಮತ್ತೂ ನಗದು 4,000.’ ಅಂದರೆ ಆ ಮಳೆಯಲ್ಲಿ ಅವರು ಮಂಡಿಗೇ ವಾಪಸು ಹೋಗಿದ್ದರು. ಬೆಳಿಗ್ಗೆ ತಾನೇ ಕೈಯೊಡ್ಡಿದ್ದ ಮನುಷ್ಯನ ಎದುರು ಮಧ್ಯಾಹ್ನ ಇನ್ನೊಮ್ಮೆ ನಿಂತಿದ್ದರು. ಆ ವರ್ಷ ನಮ್ಮ ತೋಟಕ್ಕೆ ಕೊಳೆ ಬಿದ್ದಿತ್ತು, ಅದು ನನಗೂ ನೆನಪಿದೆ. ಎರಡೂ ಸಾಲಿನ ಮುಂದೆ ‘ಚುಕ್ತಾ’ ಎಂದು ಬರೆದದ್ದು 2009ರಲ್ಲಿ.

ಪುಸ್ತಕ ಇದ್ದಲ್ಲೇ ಇಟ್ಟೆ. ಹೇಳಲು ಏನೂ ತೋಚಲಿಲ್ಲ.

ಈಗ 2021ರ ಅಕ್ಟೋಬರಿಗೆ ಬನ್ನಿ. ಮಗಳ ಒಂದನೇ ಕ್ಲಾಸು ಮೊಬೈಲಿನಲ್ಲಿ ನಡೆಯುತ್ತಿತ್ತು. ಹೆಂಡತಿ ಮನೆಯಿಂದಲೇ ಎರಡು ಅಂಗಡಿಗಳ ಟ್ಯಾಲಿ, ಜಿಎಸ್‌ಟಿ ನೋಡಿಕೊಳ್ಳುತ್ತಾಳೆ. ಕಂಪನಿ ಲ್ಯಾಪ್‌ಟಾಪ್ ಮುಟ್ಟುವಂತಿಲ್ಲ. ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಆಗ ಕೇಳುವ ಹಾಗಿರಲಿಲ್ಲ, ಹಾಗಾಗಿ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಬೇಕು. ನನ್ನ ಪಟ್ಟಿಯಲ್ಲಿ ಉಳಿದದ್ದು ಎರಡು: ರೈಜನ್ 5 5600ಜಿ ಮತ್ತು ಕೋರ್ ಐ5-11400. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಎರಡರ ಮೇಲೂ 65 ವ್ಯಾಟ್ ಎಂದು ಬರೆದಿದೆ, ಇಂಟೆಲ್‌ನದು ಕೆಲಸ ಜೋರಾದಾಗ ಅದಕ್ಕಿಂತ ಹೆಚ್ಚೇ ಕುಡಿಯುತ್ತದೆ. ರೈಜನ್ 7 ನ್ಯಾನೋಮೀಟರ್‌ನದು, ಇಂಟೆಲ್ ಇನ್ನೂ 14ರಲ್ಲೇ ಇತ್ತು. ಗೇಮ್ ಆಡುವವರಿಗೆ ರೈಜನ್‌ನ ಒಳಗಿನ ಗ್ರಾಫಿಕ್ಸ್ ಎಷ್ಟೋ ವಾಸಿ. (ಇಂಟೆಲ್‌ನಲ್ಲಿ ನಂಬರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಒಂದು ಸಾವಿರ ಉಳಿಯಿತು ಅಂತ ತಂದರೆ ಮಾನಿಟರ್ ಕಪ್ಪಗೆ ಕೂತಿರುತ್ತದೆ, ಜೋಪಾನ.)

ಸತ್ಯ ಹೇಳುತ್ತೇನೆ, ನನ್ನ ಮನಸ್ಸು ರೈಜನ್ ಮೇಲಿತ್ತು. ಅದಕ್ಕೆ ಕಾರಣವೂ ಇದೆ. ಊರಲ್ಲಿ ಒಂದೇ ದಿನಸಿ ಅಂಗಡಿ ಇದ್ದಾಗ ಅವನು ಕೊಟ್ಟಿದ್ದೇ ಅಕ್ಕಿ, ಹೇಳಿದ್ದೇ ರೇಟು. ಎದುರಿಗೆ ಇನ್ನೊಂದು ಅಂಗಡಿ ಬಾಗಿಲು ತೆಗೆದ ದಿನ ಮೊದಲಿನವನಿಗೆ ನಗು ಬರುತ್ತದೆ. ಇಲ್ಲೂ ಹಾಗೇ ಆಗಿತ್ತು. 2007ರ ಆರಂಭದಲ್ಲೇ ಇಂಟೆಲ್‌ನ ಕೋರ್ 2 ಕ್ವಾಡ್‌ನಲ್ಲಿ ನಾಲ್ಕು ಕೋರ್ ಇದ್ದವು. ಹತ್ತು ವರ್ಷ ಬಿಟ್ಟು, 2017ರ ಜನವರಿಯಲ್ಲಿ, ಮನೆ ಪಿಸಿಗಳ ಸಾಲಿನಲ್ಲಿ ಬಂದ ದುಬಾರಿ ಐ7-7700ಕೆಯಲ್ಲೂ ನಾಲ್ಕೇ. ನಡುವೆ ಎಎಮ್‌ಡಿಯ ಎಫ್‌ಎಕ್ಸ್ ಸೋತು ಮಲಗಿತ್ತು, ಎದುರಾಳಿಯೇ ಇರಲಿಲ್ಲ. ಆ ಮಾರ್ಚ್‌ನಲ್ಲಿ ರೈಜನ್ 7 ಎಂಟು ಕೋರ್‌ಗಳೊಂದಿಗೆ ಬಂತು. ಅದೇ ಅಕ್ಟೋಬರಿನಲ್ಲಿ ಇಂಟೆಲ್‌ನ ಐ5ಗೂ ಆರು ಕೋರ್ ಬಂದವು. ನನ್ನಂಥವನಿಗೆ ಎಎಮ್‌ಡಿ ಮೇಲೆ ಇನ್ನೊಂದು ಋಣವೂ ಇದೆ: ನಾವೆಲ್ಲ ಬಳಸುವ 64 ಬಿಟ್ ಸೂಚನಾ ವ್ಯವಸ್ಥೆ ಅವರು ರೂಪಿಸಿದ್ದು, ಇಂಟೆಲ್ ಆಮೇಲೆ ಅದನ್ನೇ ಅಳವಡಿಸಿಕೊಂಡಿತು. ಇಂಟೆಲ್ ಯಂತ್ರಕ್ಕೆ ಉಬುಂಟು ಹಾಕುವಾಗಲೂ ಇಳಿಸುವ ಫೈಲಿನ ಹೆಸರಲ್ಲಿ ‘ಎಎಮ್‌ಡಿ64’ ಅಂತಲೇ ಇರುತ್ತದೆ, ಗಮನಿಸಿ. ಅಷ್ಟಾಗಿಯೂ, ಎರಡು ಕಂಪನಿಗಳೂ ಹುಟ್ಟಿದ್ದು ಒಂದೇ ಮನೆಯಿಂದ. ಫೇರ್‌ಚೈಲ್ಡ್ ಎಂಬ ಕಂಪನಿಯಿಂದ ಹೊರಬಿದ್ದವರು 1968ರಲ್ಲಿ ಇಂಟೆಲ್ ಕಟ್ಟಿದರು, 1969ರಲ್ಲಿ ಎಎಮ್‌ಡಿ. ಅಣ್ತಮ್ಮಂದಿರ ಬೇಲಿ ಜಗಳ.

ಆದರೆ ಇವೆಲ್ಲ ಎಎಮ್‌ಡಿಯನ್ನು ಮೆಚ್ಚಲು ಕಾರಣ. ನನ್ನ ಹೆಂಡತಿಯ ಟ್ಯಾಲಿಗೆ 5600ಜಿ ಬೇಕು ಅನ್ನಲು ಕಾರಣವಲ್ಲ. ಈ ವ್ಯತ್ಯಾಸ ನನಗೆ ಹೊಳೆದದ್ದು ಎಸ್.ಪಿ. ರೋಡಿನ ಕೌಂಟರಿನಲ್ಲಿ ನಿಂತಾಗಲೇ. ಅಲ್ಲಿನ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ನಾನು ರೈಜನ್ ಅಂದೆ. ಏನು ಕೆಲಸಕ್ಕೆ ಅಂದ, ಹೇಳಿದೆ. ‘ಗೇಮಿಂಗ್ ಇಲ್ಲ ಅಂದ್ರೆ ಐ5 ಸಾಕು ಸಾರ್. ಇದಕ್ಕೆ ಯಾಕೆ ಸುಮ್ನೆ ದುಡ್ಡು?’

ಕಂಪನಿ ಹೆಸರು ಅದಲು ಬದಲಾಗಿತ್ತು, ಅಷ್ಟೇ. ಮಾತು ದುರ್ಗಿಗುಡಿಯದ್ದೇ.

ಬೋರ್ಡು ಸೇರಿಸಿ ನೋಡಿದರೆ ಐದು ಸಾವಿರದ ಹತ್ತಿರ ವ್ಯತ್ಯಾಸ ಬರುತ್ತಿತ್ತು. ಈಗ ಐದು ಸಾವಿರ ನನಗೆ ಎರಡು ವಾರಾಂತ್ಯದ ಹೋಟೆಲ್ ಬಿಲ್ಲು. ಕಾರ್ಡ್ ಉಜ್ಜಿ ಬರಬಹುದಿತ್ತು. ಆದರೂ ‘ಮುಂದೆ ಅಪ್‌ಗ್ರೇಡ್ ಮಾಡೋದಾದ್ರೆ?’ ಎಂದು ಕೊನೆಯ ಅಸ್ತ್ರ ಬಿಟ್ಟೆ. ಎಎಮ್‌ಡಿಯವರು 2017ರಿಂದ ಎಎಮ್4 ಎಂಬ ಒಂದೇ ಸಾಕೆಟ್ ಇಟ್ಟುಕೊಂಡು ಬಂದಿದ್ದರು, ಇಂಟೆಲ್ ಎರಡು ತಲೆಮಾರಿಗೊಮ್ಮೆ ಬದಲಿಸುತ್ತಿತ್ತು, ಇದು ಆಗ ರೈಜನ್ ಪಕ್ಷದವರ ದೊಡ್ಡ ವಾದ, ಸರಿಯಾದ ವಾದವೂ ಆಗಿತ್ತು. ಹುಡುಗ ನಕ್ಕ. ‘ಎರಡೂ ಲಾಸ್ಟ್ ಸ್ಟಾಪೇ ಸಾರ್. ಇಂಟೆಲ್ ಹೊಸ ಸಾಕೆಟ್ ಬರ್ತಿದೆ, ಎಎಮ್‌ಡಿದೂ ಮುಂದಿನ್ದು ಬೇರೆ.’ ಅವನು ಹೇಳಿದ್ದು ನಿಜವಿತ್ತು.

ಐ5 ಕಟ್ಟಿಸಿದೆ. ಉಳಿದ ದುಡ್ಡಲ್ಲಿ 500 ಜಿಬಿ ಎನ್‌ವಿಎಂಇ ಡಿಸ್ಕು, ರ‍್ಯಾಮ್ 8 ಜಿಬಿಯ ಎರಡು ಕಡ್ಡಿ. ಮನೆ ಪಿಸಿ ನಿಧಾನ ಅಂತ ಯಾರಾದರೂ ಗೋಳಾಡಿದರೆ ನೂರಕ್ಕೆ ತೊಂಬತ್ತು ಸಲ ಕಳ್ಳ ಸಿಗುವುದು ಈ ಎರಡು ಕಡೆ, ಪ್ರೊಸೆಸರ್‌ನಲ್ಲಲ್ಲ. ಇದು ನನ್ನ ಅನುಭವದ ಅಂದಾಜು, ಬೆಂಚ್‌ಮಾರ್ಕ್ ಕೇಳಬೇಡಿ. ಸೋಮವಾರದ ಮೀಟಿಂಗಿನಲ್ಲಿ ವಿಷಯ ತಿಳಿದು ಆರು ಜನ ಸಂತಾಪ ಸೂಚಿಸಿದರು.

ರಾತ್ರಿ ಊರಿಗೆ ಫೋನ್ ಮಾಡಿದೆ.

‘ಎಷ್ಟಾಯ್ತಾ?’ ಎಂದರು ಅಪ್ಪಯ್ಯ. ಹೇಳಿದೆ.

‘ಅದೇ ಕಂಪನಿದಾ?’

‘ಹೌದು, ಅದೇ. ಈ ಸಲ ಅದೇ ಕಡಿಮೆಗೆ ಸಿಕ್ತು.’

‘ಹಂಗಾರೆ ಆ ಹಳೇದು ಅಟ್ಟದ ಮೇಲೆ ಸುಮ್ನೆ ಕೂತಿದೆ. ಅದ್ರ ಪಾರ್ಟು ಎಂತಾರೂ ಬೇಕಾದ್ರೆ ತಗಂಡು ಹೋಗು. ಮೇಲೆ ಚೀಲ ಮುಚ್ಚಿ ಇಟ್ಟಿದೀನಿ, ಇಲಿ ಹತ್ತಿಲ್ಲ.’

ಅದರ ಒಂದು ಸ್ಕ್ರೂ ಕೂಡ ಈಗ ಉಪಯೋಗಕ್ಕೆ ಬರುವುದಿಲ್ಲ ಅನ್ನಲು ಹೊರಟವನು ಬೇರೆಯೇ ಕೇಳಿದೆ. ‘ಅಪ್ಪಯ್ಯ, ಅವತ್ತು ಅಂಗಡಿಯಲ್ಲಿ ನಾಲ್ಕು ಸಾವಿರ ಕಮ್ಮಿ ಬಿತ್ತಲ್ಲ, ಎಲ್ಲಿಂದ ಬಂತು ಅಂತ ನಾನು ಕೇಳ್ಲೇ ಇಲ್ಲ.’

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು.

‘ಕೇಳಿದ್ರೆ ಎಂತ ಮಾಡ್ತಿದ್ದೆ ಮಾರಾಯ’ ಎಂದರು. ‘ಇಡ್ತೀನಿ, ಅಡಿಕೆ ಅಂಗಳದಲ್ಲೇ ಇದೆ.’