ಅವ್ವನ ಸಾರು, ನನ್ನ ಅಣು

“ಆ ಲ್ಯಾಪ್‌ಟಾಪಿಗೆ ಏನ್‌ ಹಚ್ಚೀಯವಾ? ಮುಂಜಾನಿಂದ ಒಂದೇ ಸಮ ಹೊಯ್ಕೊಳ್ಳಾಕತ್ತೈತಿ.” ಅಡುಗೆಮನೆಯಿಂದ ಅವ್ವನ ದನಿ.

“ಪ್ಯಾರಾಸಿಟಮಾಲ್‌ ಅವ್ವಾ.”

“ಯಾಕ, ಜ್ವರ ಬಂದೈತೇನ ಅದಕ್ಕ?”

ಎಂ.ಎಸ್ಸಿ. ಮುಗಿಸಿ ವಿದ್ಯಾನಗರದ ಮನೆಯಲ್ಲಿ ಕೂತು ಪಿಎಚ್‌.ಡಿ. ಸೀಟಿಗೆ ಕಾಯುತ್ತಿದ್ದ ದಿನಗಳವು. ಸೋಮವಾರ ಸಂದರ್ಶನ. ಅಲ್ಲಿ ತೋರಿಸಲು ಒಂದು ಲೆಕ್ಕ ಬೇಕಿತ್ತು: ಪ್ಯಾರಾಸಿಟಮಾಲ್‌ ಅಣು ಯಾವ ಆಕಾರದಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆ?

ಆ ಒಂದು ಅಣುವಿನಲ್ಲಿ 20 ಪರಮಾಣು, 80 ಎಲೆಕ್ಟ್ರಾನ್‌. ಶ್ರೋಡಿಂಗರ್‌ 1926ರಲ್ಲೇ ಸಮೀಕರಣ ಬರೆದಿಟ್ಟರು. ಆದರೆ ಎರಡನೇ ಎಲೆಕ್ಟ್ರಾನ್‌ ಬಂತೆಂದರೆ ಒಂದನ್ನೊಂದು ತಳ್ಳತೊಡಗುತ್ತವೆ, ಕರಾರುವಾಕ್ಕಾದ ಉತ್ತರ ಕೈಗೆ ಸಿಗುವುದಿಲ್ಲ. 1964ರಲ್ಲಿ ಹೋಹೆನ್‌ಬರ್ಗ್‌ ಮತ್ತು ವಾಲ್ಟರ್‌ ಕೋನ್‌ ಬೇರೆ ದಾರಿ ತೋರಿಸಿದರು. ಒಂದೊಂದೇ ಎಲೆಕ್ಟ್ರಾನಿನ ಬೆನ್ನು ಹತ್ತುವುದು ಬೇಡ, ಎಲ್ಲ ಸೇರಿದ ಮೋಡ ಎಲ್ಲಿ ಎಷ್ಟು ದಟ್ಟವಾಗಿದೆ ಅಂತ ತಿಳಿದರೆ ಸಾಕು. ಇದಕ್ಕಾಗಿ ಕೋನ್‌ಗೆ 1998ರ ರಸಾಯನಶಾಸ್ತ್ರದ ನೊಬೆಲ್‌ ಬಂತು. ಇಂಥ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಎಲ್ಲರೂ ಮಾಡುವಂತೆ ಮಾಡಿದ ಜಾನ್‌ ಪೋಪಲ್‌ ಅದನ್ನು ಹಂಚಿಕೊಂಡರು.

ಕಂಪ್ಯೂಟರ್‌ ಮಾಡುವುದೂ ಅಡುಗೆಯಂಥದ್ದೇ ಕೆಲಸ. ಮೊದಲು ಅಂದಾಜಿನ ಮೇಲೆ ಒಂದು ಮೋಡ. ಅದರಿಂದ ಲೆಕ್ಕ ಹಾಕಿ ಹೊಸ ಮೋಡ. ಉಪ್ಪು ಹಾಕಿ, ರುಚಿ ನೋಡಿ, ಮತ್ತೆ ಚೂರು ಹಾಕಿದಂತೆ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಇಲ್ಲವಾದಾಗ ನಿಲ್ಲಿಸುವುದು.

ನನ್ನ ಲೆಕ್ಕವೂ ನಿಂತಿತು. ಖುಷಿಯಲ್ಲಿ ಸ್ಲೈಡ್‌ ಕೂಡ ಮಾಡಿಬಿಟ್ಟೆ. ಆಮೇಲೆ ಅಣುವಿನ 54 ಕಂಪನಗಳ ಪಟ್ಟಿ ತೆಗೆದರೆ, ಒಂದರ ಮುಂದೆ ಮೈನಸ್‌! ಅಂದರೆ ನನ್ನ ಅಣು ತಗ್ಗಿನಲ್ಲಿ ಕೂತಿಲ್ಲ, ಕುದುರೆಯ ಜೀನಿನ ಮೇಲಿಟ್ಟ ಗೋಲಿಯಂತೆ ಪಕ್ಕಕ್ಕೆ ಜಾರಲು ಕಾದಿದೆ.

ಒಂದೇ ಒಂದು ಸಾಲು. ತೋರಿಸದಿದ್ದರೆ ಯಾರಿಗೆ ಗೊತ್ತಾಗುತ್ತೆ? ಸ್ಲೈಡಿನಿಂದ ಆ ಸಾಲು ಅಳಿಸಿಯೂಬಿಟ್ಟೆ.

“ಸಾರಿನ ಉಪ್ಪು ನೋಡ್‌ ಬಾ,” ಅವ್ವ ಕರೆದಳು.

“ಉಪ್ಪು ಬರೋಬ್ಬರಿ ಐತಿ. ಹುಣಸಿಹುಳಿ ಹಾಕಿಲ್ಲ ನೀ.”

“ಹೌದಲ್ಲ!” ಇಳಿಸಿದ ಪಾತ್ರೆಯನ್ನು ಮತ್ತೆ ಒಲೆಗಿಟ್ಟಳು. “ಸುಮ್ನ ಬಡಿಸಿದ್ರ ನಿಮ್ಮಪ್ಪಗ ಗೊತ್ತಾಗಂಗಿಲ್ಲೇನ?”

ನಾನು ಏನೂ ಅನ್ನದೆ ಬಂದು ಲ್ಯಾಪ್‌ಟಾಪ್‌ ಮುಂದೆ ಕೂತೆ. ತುದಿಯಲ್ಲಿದ್ದ ಮೀಥೈಲ್‌ ಗುಂಪನ್ನು ಚೂರು ತಿರುಗಿಸಿ ಲೆಕ್ಕ ಮತ್ತೆ ಹಚ್ಚಿದೆ. ಮರುದಿನ ಮುಂಜಾನೆ ಎದ್ದು ನೋಡಿದರೆ ಮೈನಸ್‌ ಇರಲಿಲ್ಲ.

ಸಂದರ್ಶನದಲ್ಲಿ ಎರಡೂ ಪಟ್ಟಿ ತೋರಿಸಿದೆ. ಹೆಚ್ಚು ಪ್ರಶ್ನೆ ಬಂದದ್ದು ತಪ್ಪಿದ ಲೆಕ್ಕದ ಬಗ್ಗೆಯೇ. ಆ ಸೀಟು ಸಿಗಲಿಲ್ಲ, ಮುಂದಿನ ವರ್ಷ ಬೇರೆ ಕಡೆ ಸಿಕ್ಕಿತು. ಬೆಂಗಳೂರಿನ ಐಐಎಸ್ಸಿಯಲ್ಲಿರುವ ಪರಮ್‌ ಪ್ರವೇಗದಂಥ ಸೂಪರ್‌ಕಂಪ್ಯೂಟರ್‌ ಅಂದಿನ ನನ್ನ ಲೆಕ್ಕವನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸೀತು. ಆದರೆ ಕಂಪನಗಳ ಪಟ್ಟಿ ಕೇಳದಿದ್ದರೆ ಅದೂ ಮೈನಸ್‌ ತೋರಿಸುವುದಿಲ್ಲ.

ಈಗ ಫೋನ್‌ ಮಾಡಿದಾಗೆಲ್ಲ ಅವ್ವ “ಉಂಡ್ಯಾ?” ಆದ ಮೇಲೆ ಇನ್ನೊಂದು ಕೇಳುತ್ತಾಳೆ: “ಮೈನಸ್‌ ಏನರ ಬಂತೇನ?”