ಕಡಲಿನದು ಮತ್ತು ಹಳ್ಳದ್ದು

ಹುಮನಾಬಾದಿನ ಪ್ರೌಢಶಾಲೆಯೊಂದರಲ್ಲಿ ವೃದ್ಧರಾದ ಉಪಾಧ್ಯಾಯರೊಬ್ಬರಿದ್ದರು. ಒಂದು ದಿನ ಇಂಗ್ಲಿಷ್ ಪಾಠದಲ್ಲಿ ‘ಲಾಬ್‌ಸ್ಟರ್’, ‘ಕ್ರೇಫಿಶ್’ ಎಂಬ ಎರಡು ಪದಗಳು ಬಂದವು. ಕಡಲನ್ನು ಕಾಣದ ಆ ಸೀಮೆಯಲ್ಲಿ ಎರಡೂ ಅಪರಿಚಿತವೇ. “ಎರಡೂ ಒಂದೇ ಪ್ರಾಣಿ, ದೊಡ್ಡದು ಲಾಬ್‌ಸ್ಟರ್, ಸಣ್ಣದು ಕ್ರೇಫಿಶ್” ಎಂದು ಹೇಳಿ ಗುರುಗಳು ಮುಂದೆ ಸಾಗಿದರು.

ಬಸವಕಲ್ಯಾಣದ ಕಡೆಯಿಂದ ಬಂದ ಹುಡುಗನೊಬ್ಬನು ಎದ್ದು ನಿಂತನು. ಅವನ ತಂದೆ ಕೆರೆಯಲ್ಲಿ ಬಲೆ ಬೀಸಿ ಬದುಕುವವನು. “ಸರ್, ಸಣ್ಣದಾದ ಮಾತ್ರಕ್ಕೆ ಹೆಸರು ಬೇರೆಯಾಗುವುದೇ? ನಮ್ಮಲ್ಲಿ ಮರಿಗೂ ಏಡಿಯೆಂದೇ ಹೆಸರು” ಎಂದನು. ತರಗತಿ ನಕ್ಕಿತು. ಗುರುಗಳು ಅವನನ್ನು ಗದರಿಸಿ ಕೂರಿಸಿದರು. ಪರೀಕ್ಷೆಯಲ್ಲಿ ಆ ಹುಡುಗನು ಆ ಪ್ರಶ್ನೆಗೆ ಉತ್ತರವನ್ನೇ ಬರೆಯಲಿಲ್ಲ. ಬರಿದಾದ ಆ ಜಾಗವು ಗುರುಗಳ ಮನಸ್ಸನ್ನು ಚುಚ್ಚುತ್ತಲೇ ಇದ್ದಿತು.

ಬೇಸಿಗೆಯ ರಜೆಯಲ್ಲಿ ಅವರು ಮಗಳ ಮನೆಗೆಂದು ಕಾರವಾರಕ್ಕೆ ಹೋದರು. ಅಲ್ಲಿಯ ಮೀನುಪೇಟೆಯಲ್ಲಿ ಮರಾಠಿಯವರು ‘ಶೇವಂಡ’ ಎನ್ನುವ ಲಾಬ್‌ಸ್ಟರನ್ನು ಕಂಡರು. ಅದಕ್ಕೆ ಇಕ್ಕಳದಂತಹ ಕೈಗಳೇ ಇರಲಿಲ್ಲ. ಮುಳ್ಳು ತುಂಬಿದ ಉದ್ದನೆಯ ಮೀಸೆಗಳಿದ್ದವು. ಕುತೂಹಲ ಕೆರಳಿತು. ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದರು.

ಸಿಗಡಿ, ಏಡಿ, ಲಾಬ್‌ಸ್ಟರ್, ಕ್ರೇಫಿಶ್ ಇವೆಲ್ಲವೂ ಹತ್ತು ಕಾಲಿನ ಒಂದೇ ಕುಲದವು. ಲಾಬ್‌ಸ್ಟರ್ ಕಡಲಿನದು, ಕ್ರೇಫಿಶ್ ಸಿಹಿನೀರಿನದು. ಗಾತ್ರವು ನೆಚ್ಚಿಕೊಳ್ಳಬಹುದಾದ ಗುರುತಲ್ಲ. ಟಾಸ್ಮೇನಿಯಾ ದ್ವೀಪದ ಹೊಳೆಗಳಲ್ಲಿ ಹಲವು ಕಿಲೋ ತೂಗುವ ಕ್ರೇಫಿಶ್ ಉಂಟು. ಇಕ್ಕಳವೂ ಗುರುತಲ್ಲ, ಅಟ್ಲಾಂಟಿಕ್ ಸಾಗರದ ಲಾಬ್‌ಸ್ಟರಿಗೆ ಅದು ಇದೆ, ನಮ್ಮ ಕರಾವಳಿಯ ಮುಳ್ಳುಮೀಸೆಯದಕ್ಕೆ ಇಲ್ಲ. ನಿಜವಾದ ಭೇದವು ಮರಿಗಳ ಬಾಳಿನಲ್ಲಿದೆ. ಲಾಬ್‌ಸ್ಟರಿನ ಮರಿಗಳು ಮೊಟ್ಟೆಯೊಡೆದೊಡನೆ ಕಡಲಿನ ಪಾಲು. ತಾಯಿಯ ರೂಪವನ್ನೂ ಪಡೆಯದೆ ಅಲೆಗಳಲ್ಲಿ ತೇಲುತ್ತವೆ. ಹೊಳೆಯಲ್ಲಿ ಹಾಗೆ ತೇಲಿದರೆ ಪ್ರವಾಹವು ಕೊಚ್ಚಿಕೊಂಡು ಹೋದೀತು. ಆದುದರಿಂದಲೇ ಕ್ರೇಫಿಶ್‌ನ ಮರಿಯು ತಾಯಿಯ ಪುಟ್ಟ ಪ್ರತಿರೂಪವಾಗಿಯೇ ಹುಟ್ಟಿ, ಕೆಲವು ಕಾಲ ತಾಯಿಯ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಭಾರತದ ಹೊಳೆಗಳಲ್ಲಿ ಕ್ರೇಫಿಶ್ ಸಹಜವಾಗಿ ಇಲ್ಲವೆಂಬುದೂ ಅವರಿಗೆ ತಿಳಿಯಿತು.

ಇನ್ನೊಂದು ಸಂಗತಿ ಅವರನ್ನು ನಾಚಿಸಿತು. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಕಡಲ ಮೀನು ಯಾವುದು, ಸಿಹಿನೀರಿನ ಮೀನು ಯಾವುದು ಎಂದು ವಿಂಗಡಿಸಿದ್ದಾನೆ. ಕಡಲಿಗೆ ದೂರವಾದ ಕಲ್ಯಾಣದಲ್ಲಿದ್ದ ಅರಸನು ತೋರಿದ ಎಚ್ಚರವನ್ನು ತಾವು ತೋರಲಿಲ್ಲವಲ್ಲಾ!

ಶಾಲೆ ತೆರೆಯಿತು, ಮಳೆ ಹಿಡಿಯಿತು. ಗುರುಗಳು ಮೇಲಿನ ತರಗತಿಗೆ ಹೋಗಿ ಎಲ್ಲರ ಎದುರಿನಲ್ಲಿ, “ಕಳೆದ ವರ್ಷ ನಾನು ಹೇಳಿದ್ದು ತಪ್ಪು, ಈ ಹುಡುಗನು ಕೇಳಿದ್ದು ಸರಿ” ಎಂದು ನಡೆದುದೆಲ್ಲವನ್ನೂ ವಿವರಿಸಿದರು. ಹುಡುಗನು ತಲೆ ತಗ್ಗಿಸಿ ಕುಳಿತಿದ್ದನು. ಒಂದು ಮಾತನ್ನೂ ಆಡಲಿಲ್ಲ.

ಮರುವಾರ ಅವನು ಊರಿನಿಂದ ಬರುವಾಗ ನೀರು ತುಂಬಿದ ಗಡಿಗೆಯೊಂದನ್ನು ಹೊತ್ತು ತಂದನು. ಅದರಲ್ಲಿ ಹಳ್ಳದ ಏಡಿಯೊಂದಿತ್ತು. ಅವನು ಮೆಲ್ಲನೆ ಅದರ ಹೊಟ್ಟೆಯ ಮಡಿಕೆಯನ್ನು ಬಿಡಿಸಿ ತೋರಿಸಿದನು. ಒಳಗೆ ಸಾಸಿವೆಗಿಂತ ತುಸುವೇ ದೊಡ್ಡದಾದ ಮರಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು; ಒಂದೊಂದೂ ತಾಯಿಯದೇ ಆಕಾರ. “ಸರ್, ನೀವು ಹೇಳಿದ ಕ್ರೇಫಿಶ್‌ನ ಹಾಗೆಯೇ ನಮ್ಮ ಏಡಿಯೂ ಮಾಡುತ್ತದೆ. ಹಳ್ಳದ್ದಲ್ಲವೇ?” ಎಂದನು.

ಯಾವ ಪುಸ್ತಕವೂ ಗುರುಗಳಿಗೆ ಇಷ್ಟು ಹತ್ತಿರದಿಂದ ಅದನ್ನು ತೋರಿಸಿರಲಿಲ್ಲ. ಆ ಸಂಜೆ ಇಬ್ಬರೂ ಸಮೀಪದ ಹಳ್ಳದವರೆಗೆ ನಡೆದುಹೋಗಿ ಏಡಿಯನ್ನು ನೀರಿಗೆ ಬಿಟ್ಟರು. ಅದು ಮರಿಗಳೊಡನೆ ಕಲ್ಲಿನ ಸಂದಿಯಲ್ಲಿ ಮರೆಯಾಯಿತು.