ಕೊಳ್ಳುವವನ ಸತ್ಯ, ಮಾರುವವನ ಸತ್ಯ

ಹೊಸ ವಸ್ತುವಿನ ವ್ಯಾಪಾರದಲ್ಲಿ ಮನುಷ್ಯನ ಸತ್ಯಕ್ಕೆ ಕೆಲಸ ಕಡಿಮೆ. ಬೆಲೆ ಅಚ್ಚಾಗಿರುತ್ತದೆ, ಖಾತರಿಪತ್ರ ಜೊತೆಗಿರುತ್ತದೆ, ದೋಷ ಕಂಡರೆ ತಯಾರಕನ ಬಾಗಿಲಿಗೆ ಹೋಗಬಹುದು. ಹಳೆಯ ವಸ್ತುವಿನ ವ್ಯಾಪಾರ ಹಾಗಲ್ಲ. ಅಲ್ಲಿ ಉಳಿಯುವುದು ಇಬ್ಬರ ಮಾತು ಮಾತ್ರ. ಆ ವಸ್ತು ಒಂದು ಕಾರಾಗಿದ್ದು, ಅದನ್ನು ತಯಾರಿಸಿದ ಕಂಪನಿಯೇ ಈ ದೇಶದಲ್ಲಿ ಮಾರಾಟ ನಿಲ್ಲಿಸಿ ಹೋಗಿದ್ದರೆ, ಇಬ್ಬರ ಶೀಲಕ್ಕೂ ಅದು ಒರೆಗಲ್ಲಾಗುತ್ತದೆ. ಇಂದು ಇಂತಹ ಪ್ರಸಂಗಗಳು ವಿರಳವಲ್ಲವಾದುದರಿಂದ ಗೃಹಸ್ಥರೂ ಬಸದಿಯ ಟ್ರಸ್ಟಿನ ಕಾರ್ಯಕರ್ತರೂ ಈ ವಿಷಯವನ್ನು ವಿಚಾರಮಾಡುವುದು ಉಚಿತ.

ಶಹಾಬಾದಿನ ಫರಸಿ ಕಲ್ಲಿನ ವರ್ತಕರೊಬ್ಬರ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮನೆಯಲ್ಲಿ ವೃದ್ಧೆ ತಾಯಿ. ಆಸ್ಪತ್ರೆಗಾಗಿ ಆಗಾಗ ಕಲಬುರಗಿಗೆ ಹೋಗಬೇಕು. ವ್ಯಾಪಾರಕ್ಕಾಗಿ ಸೇಡಂ, ಚಿತ್ತಾಪುರ, ಚಿಂಚೋಳಿಗಳ ತಿರುಗಾಟ. ಭೀಮೆಯ ದಂಡೆಯ ಸನ್ನತಿಯ ಕಡೆಗೆ ಮಳೆಗಾಲದಲ್ಲಿ ಹೋದವರಿಗೆ ಗೊತ್ತು, ಯರೆ ಮಣ್ಣಿನ ರಸ್ತೆಯಲ್ಲಿ ತಗ್ಗಿನ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಆದುದರಿಂದ ಎತ್ತರದ, ಆದರೆ ಊರ ಓಣಿಯಲ್ಲಿ ತಿರುಗುವಷ್ಟು ಚಿಕ್ಕದಾದ ವಾಹನ ಅವರಿಗೆ ಬೇಕಿತ್ತು. ಹೊಸದಕ್ಕೆ ಹತ್ತು ಲಕ್ಷಕ್ಕೂ ಮೇಲೆ ಹಣ ಹಾಕುವ ಮನಸ್ಸಿರಲಿಲ್ಲ. ವಾಡಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರು ತಮ್ಮ ಫೋರ್ಡ್ ಇಕೋಸ್ಪೋರ್ಟ್ ಮಾರುತ್ತಾರೆಂದು ತಿಳಿಯಿತು. 2015ರಲ್ಲಿ ನೋಂದಣಿಯಾದ ಪೆಟ್ರೋಲ್ ಗಾಡಿ. ಕೇಳಿದ ಬೆಲೆ 3,75,000 ರೂಪಾಯಿ.

ಈ ವಾಹನದ ಹಿನ್ನೆಲೆಯನ್ನು ವಾಚಕರು ಸ್ವಲ್ಪ ತಿಳಿಯಬೇಕು. ಇಕೋಸ್ಪೋರ್ಟ್ ಭಾರತದ ಮಾರುಕಟ್ಟೆಗೆ ಬಂದದ್ದು 2013ರ ಜೂನ್ ತಿಂಗಳಲ್ಲಿ; ತಯಾರಾದದ್ದು ಚೆನ್ನೈ ಸಮೀಪದ ಮರೈಮಲೈ ನಗರದ ಕಾರ್ಖಾನೆಯಲ್ಲಿ. ಉದ್ದ ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ, ನೆಲದಿಂದ ಎತ್ತರ 200 ಮಿಲಿಮೀಟರ್. ನಾಲ್ಕು ಮೀಟರಿನ ಒಳಗೆ ಉದ್ದವೂ ಗೊತ್ತಾದ ಮಿತಿಯೊಳಗೆ ಎಂಜಿನ್ನೂ ಇದ್ದ ಕಾರಿಗೆ ತೆರಿಗೆ ಕಡಿಮೆಯೆಂಬುದೇ ನಮ್ಮ ದೇಶದಲ್ಲಿ ಈ ಚಿಕ್ಕ ಎಸ್‌ಯುವಿಗಳ ವರ್ಗ ಬೆಳೆಯಲು ಮುಖ್ಯ ಕಾರಣ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕಂಪನಿಯು ಭಾರತದಲ್ಲಿ ಕಾರುಗಳ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಹತ್ತು ವರ್ಷಗಳಲ್ಲಿ ಇನ್ನೂರು ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತೆಂಬುದು ಅದು ಕೊಟ್ಟ ಕಾರಣ. ಗುಜರಾತಿನ ಸಾಣಂದದ ಕಾರ್ಖಾನೆ 2023ರ ಜನವರಿಯಲ್ಲಿ ಟಾಟಾ ಸಮೂಹಕ್ಕೆ ಸೇರಿತು. ಆದರೆ ಈಗಾಗಲೇ ಮಾರಿದ ಕಾರುಗಳಿಗೆ ಸರ್ವಿಸ್ ಮತ್ತು ಬಿಡಿಭಾಗಗಳ ಪೂರೈಕೆಯನ್ನು ಕಂಪನಿ ನಿಲ್ಲಿಸಲಿಲ್ಲ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ.

ತಯಾರಕನು ಹೋದ ಮಾತ್ರಕ್ಕೆ ವಾಹನ ಸಾಯುವುದಿಲ್ಲ. ಇದಕ್ಕೆ ನಮ್ಮ ಸಮಾಜದವರಿಗೆ ಹತ್ತಿರದ ನಿದರ್ಶನವೊಂದಿದೆ. ಕಲಬುರಗಿಯ ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ಜೈನ ವರ್ತಕ ಮನೆತನದಲ್ಲಿ ಜನಿಸಿದ ವಾಲಚಂದ ಹಿರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅವರ ಕಾಲಾನಂತರ ಅದೇ ಸಂಸ್ಥೆ ತಯಾರಿಸಿದ ಪದ್ಮಿನಿ ಕಾರು ಮುಂಬಯಿಯ ಟ್ಯಾಕ್ಸಿಯಾಗಿ ಹೆಸರಾಯಿತು. ತಯಾರಿಕೆ ನಿಂತು ಎರಡು ದಶಕಗಳಾದ ಮೇಲೂ ಆ ಟ್ಯಾಕ್ಸಿಗಳು ಓಡುತ್ತಿದ್ದವು. 2023ರ ಅಕ್ಟೋಬರ್ ಕೊನೆಯಲ್ಲಿ ಅವು ರಸ್ತೆ ಬಿಟ್ಟದ್ದು ಬಿಡಿಭಾಗದ ಅಭಾವದಿಂದಲ್ಲ, ಟ್ಯಾಕ್ಸಿಗೆ ಇಪ್ಪತ್ತು ವರ್ಷವೆಂಬ ವಯೋಮಿತಿಯಿಂದ. ಅದೇ ಪ್ರೀಮಿಯರ್ ಸಂಸ್ಥೆ 2009ರಲ್ಲಿ ರಿಯೊ ಎಂಬ ನಾಲ್ಕು ಮೀಟರಿನೊಳಗಿನ ಎಸ್‌ಯುವಿಯನ್ನು ತಂದಿತು. ಅದು ಮಾರುಕಟ್ಟೆಯಲ್ಲಿ ನೆಲೆನಿಲ್ಲಲಿಲ್ಲ. ಸಾವಿರಾರು ಮಿಸ್ತ್ರಿಗಳು ಬಲ್ಲ ಗಾಡಿ ತಯಾರಕನ ನಂತರವೂ ಬದುಕುತ್ತದೆ. ಕೆಲವರೇ ಕೊಂಡ ಗಾಡಿಗೆ ಆ ಭಾಗ್ಯವಿಲ್ಲ. ನಿಂತುಹೋದ ಹೆಸರಿನ ಕಾರು ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ನನ್ನ ಜಿಲ್ಲೆಯಲ್ಲಿ ಇದನ್ನು ಬಿಚ್ಚಿ ಜೋಡಿಸಬಲ್ಲವರು ಎಷ್ಟು ಜನ?

ಶಹಾಬಾದಿನ ವರ್ತಕರು ಈ ಪ್ರಶ್ನೆಯನ್ನು ಕಲಬುರಗಿಯ ಮಿಸ್ತ್ರಿಯೊಬ್ಬನಲ್ಲಿ ಕೇಳಿ ಸಮಾಧಾನಕರ ಉತ್ತರ ಪಡೆದಿದ್ದರು. ಬಿಡಿಭಾಗ ದೊರೆಯುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ವಾಡಿಗೆ ಹೋಗುವಾಗ ಚೌಕಾಶಿಗೆಂದು ಒಂದು ಮಾತನ್ನು ಸಿದ್ಧಮಾಡಿಕೊಂಡಿದ್ದರು: “ಸಾಹೇಬರೆ, ಕಂಪನಿನೇ ಓಡಿಹೋಗೇದ. ನಾಳೆ ಒಂದು ಬೋಲ್ಟ್ ಬೇಕಂದ್ರೂ ಸಿಗಂಗಿಲ್ಲ. ಮೂರು ಲಕ್ಷಕ್ಕ ಕೊಡ್ರಿ.” ವ್ಯಾಪಾರದಲ್ಲಿ ಇದು ಸಹಜವೆಂದು ಹೆಚ್ಚಿನವರು ಭಾವಿಸುತ್ತಾರೆ. ಮಾರುವವನ ಸುಳ್ಳನ್ನು ಖಂಡಿಸುವವರು ಕೊಳ್ಳುವವನ ಸುಳ್ಳನ್ನು ಜಾಣತನವೆನ್ನುತ್ತಾರೆ.

ಅವರು ಬಾಯಿ ತೆರೆಯುವ ಮೊದಲೇ ಎಂಜಿನಿಯರರು ಹೇಳಿದರು: “ಸಾವಕಾರ್ರೆ, ಒಂದು ಮಾತು ಮೊದಲೇ ಹೇಳ್ತೀನ್ರಿ. ಈ ಗಾಡಿಯ ಟೈಮಿಂಗ್ ಬೆಲ್ಟು ಎಂಜಿನ್ ಆಯಿಲ್‌ನ್ಯಾಗೇ ತಿರುಗ್ತದ. ಎರಡು ಸಲ ನಾನು ಇಲ್ಲೇ ಸಿಕ್ಕ ಬ್ಯಾರೆ ಆಯಿಲ್ ಹಾಕ್ಸೀನಿ. ಅದು ತಪ್ಪಂತ ಆಮ್ಯಾಲೆ ಗೊತ್ತಾತು. ಬೆಲ್ಟ್ ಬಿಚ್ಚಿ ನೋಡ್ಸಿಲ್ಲ. ನಿಮ್ಮ ಮಿಸ್ತ್ರಿಗೆ ತೋರಿಸ್ರಿ.”

ಈ ಮಾತಿನ ತೂಕ ತಿಳಿಯಬೇಕಾದರೆ ಯಂತ್ರದ ರಚನೆ ತಿಳಿಯಬೇಕು. ಆ ಗಾಡಿಯ ಒಂದು ಲೀಟರಿನ ಟರ್ಬೊ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟು ಒಣಗಿರುವುದಿಲ್ಲ. ಎಂಜಿನ್ ಆಯಿಲ್‌ನಲ್ಲಿ ತೊಯ್ದೇ ಓಡುತ್ತದೆ. ತಯಾರಕರು ಗೊತ್ತುಪಡಿಸಿದ ದರ್ಜೆಯ ಆಯಿಲ್ ಅಲ್ಲದೆ ಬೇರೆಯದನ್ನು ಬಳಸಿದರೆ, ಅಥವಾ ಬದಲಾಯಿಸದೆ ಬಹುಕಾಲ ಬಿಟ್ಟರೆ, ಬೆಲ್ಟಿನ ರಬ್ಬರು ಸವೆದು ಚೂರುಚೂರಾಗಿ ಉದುರುತ್ತದೆ. ಆ ಚೂರುಗಳು ತಳದ ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಂಡು ಎಂಜಿನ್ನಿಗೆ ಆಯಿಲ್ ಏರದಂತೆ ಮಾಡುತ್ತವೆ. ಒಂದು ದಿನ ಯಾವ ಸೂಚನೆಯೂ ಇಲ್ಲದೆ ಎಂಜಿನ್ ಕೆಡಬಹುದು. ಹೊರಗಿನಿಂದ ನೋಡುವವನಿಗೆ, ಹತ್ತು ಮೈಲಿ ಓಡಿಸಿ ಪರೀಕ್ಷಿಸುವವನಿಗೆ ಇದು ಕಾಣುವುದಿಲ್ಲ. ಎಂಜಿನಿಯರರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಕಾನೂನೂ ಪ್ರಾಯಃ ಅವರನ್ನು ಮುಟ್ಟುತ್ತಿರಲಿಲ್ಲ.

ಈ ಮಾತಿಗೆ ಆಧಾರವಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ವಂಚನೆಯನ್ನು ವಿವರಿಸುತ್ತದೆ. ತಿಳಿದ ಸಂಗತಿಯನ್ನು ಪ್ರಯತ್ನಪೂರ್ವಕವಾಗಿ ಮರೆಮಾಡುವುದು ವಂಚನೆ; ಆದರೆ ಕೇವಲ ಮೌನ, ಹೇಳಬೇಕಾದ ಕರ್ತವ್ಯವಿಲ್ಲದ ಸಂದರ್ಭದಲ್ಲಿ, ವಂಚನೆಯಲ್ಲ. ಅಲ್ಲಿ ಕೊಟ್ಟ ಉದಾಹರಣೆ ಕುದುರೆಯದು. ತನ್ನ ಕುದುರೆಗೆ ದೋಷವಿದೆಯೆಂದು ಬಲ್ಲವನು ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗ ತಾನೇ ಪ್ರಾಪ್ತವಯಸ್ಕಳಾದ ಅವನ ಮಗಳಾದರೆ ಹೇಳುವುದು ಅವನ ಕರ್ತವ್ಯ. “ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಸುಮ್ಮನಿದ್ದರೆ ಆ ಮೌನವೇ ಮಾತಿಗೆ ಸಮ. ಕುದುರೆಯ ಜಾಗದಲ್ಲಿ ಕಾರು ನಿಲ್ಲಿಸಿದರೂ ನ್ಯಾಯ ಒಂದೇ. ಕಾನೂನು ಮಗಳಿಗೆ ಕೊಟ್ಟ ರಕ್ಷಣೆಯನ್ನು ಅಪರಿಚಿತನಿಗೆ ಕೊಡಲಿಲ್ಲ. ಆ ಅಂತರವನ್ನು ತುಂಬುವುದೇ ಧರ್ಮದ ಕೆಲಸ.

ತತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡು ಗೊತ್ತಿವೆ. ಅಳತೆಯಲ್ಲಿ ಮೋಸ ಒಂದು. ಒಂದರ ರೂಪದಲ್ಲಿ ಇನ್ನೊಂದನ್ನು ಕೊಡುವುದು ಮತ್ತೊಂದು. ಕಾರಿನ ಕಿಲೋಮೀಟರ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಮೊದಲನೆಯದಲ್ಲದೆ ಮತ್ತೇನು? 2015ರ ಚೆನ್ನೈ, 2020ರ ಹೈದರಾಬಾದಿನಂತಹ ನೆರೆಯಲ್ಲಿ ಮುಳುಗಿದ ಗಾಡಿಯನ್ನು ತೊಳೆದು, ಒಣಗಿಸಿ, ಒಳ್ಳೆಯದೆಂದು ಮಾರುವುದು ಎರಡನೆಯದಲ್ಲದೆ ಮತ್ತೇನು? ಮಾನ ಬದಲಾಗಿದೆ, ತಕ್ಕಡಿಯ ಬದಲು ವಿದ್ಯುತ್ ಮೀಟರು ಬಂದಿದೆ, ಅತಿಚಾರ ಬದಲಾಗಿಲ್ಲ. ಈ ಎರಡರಲ್ಲಿ ಮಾರುವವನಿಗೆ ಮಾತ್ರ ದೋಷವೆಂದು ತಿಳಿಯಬಾರದು. ವಸ್ತುವಿನ ಗುಣವನ್ನು ಬಲ್ಲವನಾಗಿಯೂ ಅದನ್ನು ಹೀನವೆಂದು ಸಾರಿ ಕಡಿಮೆ ಬೆಲೆಗೆ ಕೊಳ್ಳುವವನು ಕೂಡ ಅಳತೆಯನ್ನು ತಿರುಗಿಸುತ್ತಾನೆ, ತನ್ನ ಕಡೆಗೆ.

ವರ್ತಕರು ಸಿದ್ಧಮಾಡಿಕೊಂಡ ಮಾತನ್ನು ಆಡಲಿಲ್ಲ. ಗಾಡಿಯನ್ನು ಕಲಬುರಗಿಗೆ ಕೊಂಡೊಯ್ದು ತೋರಿಸಿದರು. ಬೆಲ್ಟು, ಅದರ ಜೊತೆಯ ಸಾಮಾನು, ಜಾಲರಿಯ ಶುದ್ಧಿ, ಕೂಲಿ ಸೇರಿ 45,000 ರೂಪಾಯಿಯ ಅಂದಾಜು ಬಂತು. ಅಷ್ಟನ್ನೇ ಕಳೆದು 3,30,000ಕ್ಕೆ ವ್ಯವಹಾರ ಮುಗಿಯಿತು. ಲೆಕ್ಕ ಬಲ್ಲವರು ನೋಡಲಿ: ನೋಂದಣಿಯ ಹದಿನೈದು ವರ್ಷ 2030ಕ್ಕೆ ಮುಗಿಯುತ್ತದೆ. ಬೆಲೆ, ದುರಸ್ತಿ ಸೇರಿದ 3,75,000ವನ್ನು ಉಳಿದ ಸುಮಾರು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 75,000. ಮೂರು ಲಕ್ಷಕ್ಕೆ ಕೊಂಡು, ಮಾರುವವನ ಮನಸ್ಸನ್ನು ಕೆಡಿಸಿ, ಬೆಲ್ಟಿನ ಸಂಗತಿ ತಿಳಿಯದೆ ಒಂದು ವರ್ಷದಲ್ಲಿ ಎಂಜಿನ್ ಕಳೆದುಕೊಂಡಿದ್ದರೆ ಅದು ಲಾಭವಾಗುತ್ತಿತ್ತೆ? ಸತ್ಯವು ಯಾವಾಗಲೂ ಹಣ ತರುತ್ತದೆಂದು ಹೇಳಲಾಗದು; ಎಂಜಿನಿಯರರಿಗೆ ಅದು 45,000 ರೂಪಾಯಿಯ ಖರ್ಚನ್ನೇ ತಂದಿತು. ಆದರೆ ಅವರು ಮಾರಿದ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುವವಳು ಒಬ್ಬ ವೃದ್ಧೆ. ಮೌನದ ಬೆಲೆಯನ್ನು ಆಕೆ ನಡುರಸ್ತೆಯಲ್ಲಿ ಕೊಡಬೇಕಾಗುತ್ತಿತ್ತು.

ಹಣ ಕೈಬದಲಾದ ಮಾತ್ರಕ್ಕೆ ಕರ್ತವ್ಯ ತೀರುವುದಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 50ನೆಯ ಕಲಮಿನಂತೆ, ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ಸಾಲ ತೀರಿದ್ದರೆ ನಮೂನೆ 35ರಿಂದ ಬ್ಯಾಂಕಿನ ಹೆಸರನ್ನು ತೆಗೆಸಬೇಕು. “ಆರ್.ಸಿ. ಆಮೇಲೆ ಮಾಡಿಸಿಕೊಳ್ಳೋಣ” ಎಂದು ವರ್ಷಗಟ್ಟಲೆ ಬಿಡುವ ರೂಢಿ ನಮ್ಮ ಭಾಗದಲ್ಲಿದೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ನವೀನಕುಮಾರ ವಿರುದ್ಧ ವಿಜಯಕುಮಾರ ಪ್ರಕರಣದಲ್ಲಿ, ಗಾಡಿ ಹಲವು ಕೈ ದಾಟಿದ್ದರೂ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿದ್ದವನೇ ಹೊಣೆಯೆಂದು ತೀರ್ಪಿತ್ತಿತು. ವಿಮೆಯನ್ನು ಸಹ 14 ದಿನಗಳೊಳಗೆ ಹೊಸ ಮಾಲೀಕನ ಹೆಸರಿಗೆ ಮಾಡಿಸಬೇಕು. ಮಾರಿದವನನ್ನು ಇನ್ನೊಬ್ಬನ ತಪ್ಪಿಗೆ ಸಿಲುಕಿಸದಿರುವುದು ಕೊಂಡವನ ಧರ್ಮ. ಸೇಡಂ, ಚಿಂಚೋಳಿಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿವೆ. ಅಲ್ಲಿಂದ ಅಗ್ಗದ ಗಾಡಿ ತರುವವರು ನಿರಾಕ್ಷೇಪಣಾ ಪತ್ರವನ್ನೂ ಕರ್ನಾಟಕದ ಆಜೀವ ತೆರಿಗೆಯನ್ನೂ ಬೆಲೆಗೆ ಕೂಡಿಸಿಯೇ ಅಗ್ಗವೋ ಅಲ್ಲವೋ ಎಂದು ನಿರ್ಣಯಿಸಬೇಕು. ತೆರಿಗೆ ತಪ್ಪಿಸಿ ಪರರಾಜ್ಯದ ಸಂಖ್ಯೆಯಲ್ಲಿಯೇ ಓಡಾಡುವುದು ಉಳಿತಾಯವಲ್ಲ, ಸಾಲ.

ಟ್ರಸ್ಟುಗಳ ಕಾರ್ಯಕರ್ತರು ಇನ್ನೂ ಎಚ್ಚರದಿಂದಿರಬೇಕು. ಮುನಿಸಂಘದ ವಿಹಾರದ ಕಾಲದಲ್ಲಿ ಶ್ರಾವಕರ ಓಡಾಟಕ್ಕೋ ಪಾತ್ರೆ ಸಾಮಗ್ರಿಗಳ ಸಾಗಣೆಗೋ ಹಳೆಯ ವಾಹನ ಕೊಳ್ಳುವ ಪ್ರಸಂಗ ಬರುತ್ತದೆ. ಅಲ್ಲಿ ಖರ್ಚಾಗುವುದು ದಾನಿಗಳ ಹಣ. ಟ್ರಸ್ಟಿಯೊಬ್ಬರು ತಮ್ಮದೇ ಗಾಡಿಯನ್ನು, ಇಲ್ಲವೆ ಬಂಧುವಿನ ಗಾಡಿಯನ್ನು ಟ್ರಸ್ಟಿಗೆ ಮಾರುವುದಾದರೆ ಸಭೆಯಿಂದ ಎದ್ದುಹೋಗಿ ಉಳಿದವರು ನಿರ್ಣಯಿಸಲಿ. ಮಿಸ್ತ್ರಿಯ ಬರಹದ ವರದಿ ನಡವಳಿಯ ಪುಸ್ತಕದಲ್ಲಿರಲಿ. ಗಾಡಿ ಟ್ರಸ್ಟಿನ ಹೆಸರಿಗೇ ನೋಂದಣಿಯಾಗಲಿ. ದಾನವಾಗಿ ಬಂದ ಹಳೆಯ ಕಾರನ್ನೂ ಪರೀಕ್ಷಿಸದೆ ಸ್ವೀಕರಿಸಬಾರದು. ಕೊಟ್ಟವರಿಗೆ ಅದು ಹೊರೆ ಇಳಿಸಿದ್ದಾಗಿ, ಟ್ರಸ್ಟಿಗೆ ಪ್ರತಿ ವರ್ಷದ ಖರ್ಚಾಗಬಹುದು.

ಕೊನೆಗೊಂದು ಮಾತು. ಇಂದು ಕೊಳ್ಳುವವನು ನಾಳೆ ಮಾರುವವನೇ ಆಗುತ್ತಾನೆ. ಶಹಾಬಾದಿನ ವರ್ತಕರು ಆ ಗಾಡಿಯ ಗ್ಲೋವ್ ಬಾಕ್ಸಿನಲ್ಲಿ ಒಂದು ಚಿಕ್ಕ ವಹಿ ಇಟ್ಟಿದ್ದಾರೆ. ಯಾವ ದಿನ ಯಾವ ದರ್ಜೆಯ ಆಯಿಲ್, ಎಷ್ಟು ಕಿಲೋಮೀಟರಿಗೆ, ಯಾರ ಕೈಯಿಂದ ಎಂಬುದೆಲ್ಲ ಅದರಲ್ಲಿ ಬರೆದಿದೆ. ಅದರ ಮೊದಲ ಪುಟದಲ್ಲಿ ಎಂಜಿನಿಯರರು ಹೇಳಿದ ಎರಡು ತಪ್ಪು ಆಯಿಲ್‌ಗಳ ಸಂಗತಿಯೂ ಇದೆ. ಮುಂದೆ ಯಾರೇ ಬಂದರೂ ಆ ವಹಿ ಗಾಡಿಯ ಜೊತೆಗೇ ಹೋಗತಕ್ಕದ್ದು. ಮನೆಯಲ್ಲಿ ಹಳೆಯ ವಾಹನವಿರುವ ಪ್ರತಿಯೊಬ್ಬ ಗೃಹಸ್ಥನೂ ಇಂತಹ ವಹಿಯೊಂದನ್ನು ಇಂದೇ ತೆರೆಯಬಹುದು.